ತೋಳಿನ ಎರಡು ಮಡಿಕೆ

ಉಲ್ಲನ್ ಅಕ್ಕ ಕುರ್ಚಿಯನ್ನು ಬಾಗಿಲಾಚೆ ಎಳೆದು ಬಿಸಿಲಿಗೆ ಬೆನ್ನು ಕೊಟ್ಟು ಕೂತಳೆಂದರೆ ಬೀದಿಗೆ ಚಳಿಗಾಲ ಬಂತು ಅಂತಲೇ ಲೆಕ್ಕ. ಕೈಯಲ್ಲಿ ಹೆಣಿಗೆ ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ, ಬಾಯಿ ಮಾತ್ರ ಹೋಗಿ ಬರುವವರ ಮೇಲೆ. ಅವಳು ಟೇಪು ಮುಟ್ಟಿದವಳೇ ಅಲ್ಲ. ಮಕ್ಕಳನ್ನು ಎದುರಿಗೆ ನಿಲ್ಲಿಸಿ ಬೆನ್ನ ಮೇಲೆ ಗೇಣು ಹಾಕಿದರೆ ಅಳತೆ ಮುಗಿಯಿತು. “ಚಳಿ ಒಳಗೆ ನುಗ್ಗೋದೇ ಮಣಿಕಟ್ಟಿಂದ, ಅಲ್ಲಿ ಬಾಗಿಲು ಹಾಕಿದ್ರೆ ಸಾಕು” ಅನ್ನುತ್ತ ತೋಳನ್ನು ಬೇಕೆಂದೇ ಉದ್ದ ಹೆಣೆದು, ಎರಡು ಮಡಿಕೆ ಹಾಕಿ ಕೊಡುತ್ತಿದ್ದಳು. ಮುಂದಿನ ಚಳಿಗೆ ಒಂದು ಬಿಚ್ಚಬೇಕು, ಅದರ ಮುಂದಿನದಕ್ಕೆ ಇನ್ನೊಂದು. ಮಗ ಎಷ್ಟು ಬೆಳೆದ ಅಂತ ಕೇಳಿದರೆ ಬೀದಿಯ ತಾಯಂದಿರು, “ಒಂದು ಮಡಿಕೆ ಬಿಚ್ಚಿದೀವಿ” ಅನ್ನುತ್ತಿದ್ದರು.

ಅಂಗಡಿಗಳಲ್ಲಿ ಬಣ್ಣಬಣ್ಣದ ಜಾಕೆಟ್ ನೇತಾಡತೊಡಗಿದ ಮೇಲೆ ಅವಳ ಬಾಗಿಲಿಗೆ ಬರುವವರು ಕಡಿಮೆಯಾದರು. ಮನೆಯಲ್ಲೇ ಒಬ್ಬ ಎದುರಾಳಿ ಬೇರೆ, ಒಬ್ಬಳೇ ಮಗಳು. ಶಾಲೆಯಲ್ಲಿ ಉದ್ದ ತೋಳಿಗೆ ನಗೆಪಾಟಲಾದವಳು, ಆಮೇಲೆ ಅಮ್ಮನ ಸ್ವೆಟರ್ ಕಂಡರೆ ಮಾರು ದೂರ. ಅಂಥ ಮಗಳು ಈ ವರ್ಷ ಸಿಟಿ ಬಸ್ಸಿನ ಡ್ರೈವರ್ ಆದಳು, ಅವಳ ಡಿಪೋದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಣ್ಣು! ಅಕ್ಕನ ಎದೆ ಉಬ್ಬಿಹೋಯಿತು. ಊರೆಲ್ಲ ಸುತ್ತಿ ಖಾಕಿ ಬಣ್ಣದ ಉಲ್ಲನ್ ತಂದು ಹೆಣೆಯಲು ಕೂತಳು. ಇದನ್ನೂ ಮಗಳು ಮೂಲೆಗೆ ಎಸೆದರೆ ಕಡ್ಡಿಗಳನ್ನು ಅಟ್ಟಕ್ಕೆ ಹಾಕಿಬಿಡುವುದು ಅಂತ ಒಳಗೊಳಗೇ ತೀರ್ಮಾನಿಸಿಯೂ ಆಗಿತ್ತು.

ಸ್ವೆಟರ್ ಸಿದ್ಧವಾಗಿ ಕೈಗಿತ್ತಾಗ ಮಗಳು ತೋಳು ತೂರಿಸಿ ನೋಡಿ ಹಣೆ ಚಚ್ಚಿಕೊಂಡಳು.

“ಅಮ್ಮಾ, ನಂಗೆ ಮೂವತ್ತು ದಾಟ್ತು. ಎರಡು ಮಡಿಕೆ ಇಟ್ಟಿದೀಯಲ್ಲ, ನಾನಿನ್ನೂ ಬೆಳೀತೀನಾ?”

ಅಕ್ಕ ನಾಲಿಗೆ ಕಚ್ಚಿಕೊಂಡಳು. ಮನಸ್ಸು ಮಗಳ ಬಸ್ಸಿನ ಹಿಂದೆ ಓಡುತ್ತಿದ್ದಾಗ ಕೈ ತನ್ನ ಹಳೇ ಅಭ್ಯಾಸ ತೋರಿಸಿಬಿಟ್ಟಿತ್ತು.

“ಕೊಡು, ಬಿಚ್ಚಿ ಸರಿ ಮಾಡ್ತೀನಿ.”

“ಬಿಡು ಬಿಡು, ನಾಳೆ ಮೊದಲನೇ ಟ್ರಿಪ್ ನಂದೇ” ಎನ್ನುತ್ತ ಮಗಳು ಅದನ್ನು ಬ್ಯಾಗಿಗೆ ತುರುಕಿದಳು. ತುರುಕಿದ ರೀತಿಗೇ ಅಕ್ಕನಿಗೆ ಪಿಚ್ಚೆನಿಸಿತು.

ಮರುದಿನ ಬೆಳಗ್ಗೆ ಎದುರಿನ ಮನೆಯೂ ಕಾಣದಷ್ಟು ಮಂಜು. ಅಕ್ಕನಿಗೆ ಸುಮ್ಮನಿರಲಾಗಲಿಲ್ಲ. ತಲೆತುಂಬ ಶಾಲು ಹೊದ್ದು ಸ್ಟಾಪಿಗೆ ಹೋಗಿ, ಮಗಳ ಬಸ್ಸನ್ನೇ ಹಿಂದಿನ ಬಾಗಿಲಿಂದ ಕಳ್ಳಿಯ ಹಾಗೆ ಹತ್ತಿದಳು. ಡ್ರೈವರ್ ಸೀಟಿಗೆ ನಾಲ್ಕು ಸಾಲು ಹಿಂದೆ ಕೂತು ಕತ್ತು ಚಾಚಿ ನೋಡಿದಳು. ಮುಂದಿನ ಗಾಜಿಗೆ ಹಬೆ ಕಟ್ಟದಿರಲೆಂದು ಮಗಳು ತನ್ನ ಪಕ್ಕದ ಕಿಟಕಿ ತೆರೆದೇ ಇಟ್ಟಿದ್ದಳು, ಕೊರೆಯುವ ಗಾಳಿ ನೇರ ಅವಳ ಕೈಗೇ ಹೊಡೆಯುತ್ತಿತ್ತು. ಮೈಮೇಲೆ ಖಾಕಿ ಸ್ವೆಟರ್! ಎರಡೂ ಮಡಿಕೆ ಬಿಚ್ಚಿ ತೋಳನ್ನು ಬೆರಳ ಬುಡದವರೆಗೂ ಎಳೆದುಕೊಂಡಿದ್ದಳು. ಬೆರಳು ಮಾತ್ರ ಹೊರಗೆ, ಸ್ಟೀರಿಂಗಿನ ಮೇಲೆ ಬಿಗಿಯಾಗಿ.

ಮುಂದಿನ ಸೀಟಿನ ಯಜಮಾನರೊಬ್ಬರಿಗೆ ಕರುಳು ಚುರುಕ್ಕೆಂದಿರಬೇಕು. “ಗ್ಲೌಸ್ ಹಾಕ್ಕೋಬಾರ್ದೇನಮ್ಮ?” ಎಂದರು.

“ಗ್ಲೌಸ್ ಹಾಕಿದ್ರೆ ಸ್ಟೀರಿಂಗ್ ಜಾರುತ್ತೆ ಸಾರ್” ಎಂದಳು ಮಗಳು, ರಸ್ತೆಯಿಂದ ಕಣ್ಣು ಕೀಳದೆ. “ನೋಡಿ, ಡ್ರೈವರ್ ಕೈಗೇ ಅಂತ ತೋಳು ಉದ್ದ ಬಿಟ್ಟು ಹೆಣೆದಿದಾರೆ ನಮ್ಮಮ್ಮ. ಇಂಥದ್ದು ಯಾವ ಅಂಗಡೀಲೂ ಸಿಗಲ್ಲ.”

ಅಕ್ಕನ ಕಣ್ಣು ತುಂಬಿ ಬಂತು. ಸಿಕ್ಕಿಬೀಳುವ ಭಯ ಎಲ್ಲಿಗೆ ಹೋಯಿತೋ, ಶಾಲನ್ನು ಸರಕ್ಕನೆ ಸರಿಸಿ ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು:

“ಆ ಅಮ್ಮ ನಾನೇ ಕಣ್ರೀ!”