ದೊಡ್ಡಪ್ಪ ತಂದ ಕೋಡಿ

ಅಪ್ಪನನ್ನು ಮಣ್ಣು ಮಾಡಿದ ದಿನ ಹುಟ್ಟಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರನ್ನೂ ಕೇಳಿಕೊಂಡಿಲ್ಲ.

ತಮಿಳುನಾಡಿನ ಪಲ್ಲಡದ ಹತ್ತಿರದ ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಮಾತಾಡುವ ನೇಕಾರರು. ಅವರಲ್ಲಿ ಯೇಸುವನ್ನು ನಂಬಿದ್ದು ನಮ್ಮ ಮನೆ ಒಂದೇ, ಅದೂ ಅಪ್ಪನಿಂದ. ಅವರು ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ ದಿನವೇ ದೊಡ್ಡಪ್ಪ ಮಾತು ಬಿಟ್ಟರು. ಆದರೆ ಅಣ್ಣತಮ್ಮಂದಿರ ಕುಳಿಮಗ್ಗಗಳು ಒಂದೇ ಸೂರಿನಡಿ ಇದ್ದವು. ಮಧ್ಯೆ ಒಂದು ತಟ್ಟಿ ಎದ್ದಿತು, ಅಷ್ಟೇ. ಒಬ್ಬರ ಮಗ್ಗದ ಸದ್ದು ನಿಂತರೆ ಇನ್ನೊಬ್ಬರದೂ ನಿಲ್ಲುತ್ತಿತ್ತು. ನೂಲು ಕಡಿಯಿತೋ, ಮೈಗೆ ಹುಷಾರಿಲ್ಲವೋ ಎಂದು ಕಿವಿಗೊಡುತ್ತಿದ್ದರು. ಅಪ್ಪ ತಮಿಳು ಬೈಬಲ್ ಓದಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವರು. ಅದರಲ್ಲಿ ಅಣ್ಣನ ಹೆಸರು ಒಂದು ದಿನವೂ ತಪ್ಪುತ್ತಿರಲಿಲ್ಲ. ತಟ್ಟಿಯಾಚೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುವರು.

ಅಪ್ಪ ತೀರಿಕೊಂಡ ದಿನ ದೊಡ್ಡಪ್ಪ ಕೋಡಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೋಡಿ ಎಂದರೆ ಸತ್ತವರಿಗೆ ಹತ್ತಿರದವರು ಕಡೆಯದಾಗಿ ಹೊದಿಸುವ ಹೊಸ ಬಟ್ಟೆ. ಅಂಗಡಿಯದಲ್ಲ, ಅಂದೇ ಬೆಳಿಗ್ಗೆ ತಮ್ಮ ಮಗ್ಗದಿಂದ ಕೊಯ್ದು ತಂದ ಬಿಳಿ ಪಂಚೆ. ಗಂಜಿಯ ವಾಸನೆ ಇನ್ನೂ ಇತ್ತು.

ಕೋಯಮತ್ತೂರಿನಿಂದ ಬಂದಿದ್ದ ಪಾದ್ರಿ ಕೈ ಅಡ್ಡ ಹಿಡಿದರು. ಇದು ಅನ್ಯರ ಶಾಸ್ತ್ರ, ವಿಶ್ವಾಸಿಯ ಮೈಮೇಲೆ ಬೇಡ ಎಂದರು. ದೊಡ್ಡಪ್ಪ ನನ್ನ ಕಡೆ ತಿರುಗಿ, ಮುದ್ದಿನಿಂದ ಕಣ್ಣು ಎಂದು ಕರೆದರು.

"ಶಾಸ್ತ್ರ ಏನಾರ ಇರ್ಲಿ ಕಣ್ಣು. ನಾನೇ ನೇದ್ದು. ನಿಮ್ಮಪ್ಪನ್ಗೆ ನಾನ್ ಬೇರೆ ಏನ್ ಕುಡ್ಲಿ?"

ನಾನು ಪಾದ್ರಿಯನ್ನು ಬೇಡಿಕೊಂಡೆ. ಕೋಡಿ ಹಾಕಿದರೆ ಪ್ರಾರ್ಥನೆಯೂ ಇಲ್ಲ, ಸಭೆಯ ಸ್ಮಶಾನದಲ್ಲಿ ಜಾಗವೂ ಇಲ್ಲ ಎಂದರು. ಅಮ್ಮ ಹೆದರಿಬಿಟ್ಟರು. ಪೆಟ್ಟಿಗೆಗೆ ಮೊಳೆ ಬಿತ್ತು. ದೊಡ್ಡಪ್ಪ ಪಂಚೆಯನ್ನು ಎದೆಗವಚಿಕೊಂಡು ಬೀದಿಯ ಕೊನೆವರೆಗೆ ಪೆಟ್ಟಿಗೆಯ ಹಿಂದೆ ಬಂದು, ಅಲ್ಲೇ ನಿಂತುಕೊಂಡರು.

ಮುಂದಿನ ಶುಭ ಶುಕ್ರವಾರ ಅದೇ ಪಾದ್ರಿ, ಯೇಸುವಿನ ಶವಕ್ಕೆ ನಾರುಮಡಿ ತಂದು ಸುತ್ತಿದ ಮನುಷ್ಯನನ್ನು ಬಾಯ್ತುಂಬ ಹೊಗಳಿದರು. ಆತ ಜನಕ್ಕೆ ಹೆದರಿ ತನ್ನ ನಂಬಿಕೆಯನ್ನು ಬಚ್ಚಿಟ್ಟುಕೊಂಡವನಂತೆ. ಆದರೂ ಬಟ್ಟೆ ತಂದನಂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನನಗೆ ತಡೆಯಲಾಗಲಿಲ್ಲ. ಹೆಂಗಸರ ಸಾಲಿನಲ್ಲಿ ಎದ್ದು ನಿಂತು, ಆ ಮನುಷ್ಯನನ್ನೂ ಬಾಗಿಲಲ್ಲೇ ತಡೆದಿದ್ದರೆ ಯೇಸುಸ್ವಾಮಿ ಏನು ಹೊದ್ದು ಮಲಗುತ್ತಿದ್ದರು ಎಂದು ಕೇಳಿದೆ. ಪಾದ್ರಿ ಹಾಡು ಶುರು ಮಾಡಿಸಿದರು.

ಕ್ಷಮಿಸಬೇಕು ಎಂದು ಅಪ್ಪ ಸದಾ ಹೇಳುತ್ತಿದ್ದರು. ಆಗಲಿ, ಪಾದ್ರಿಯನ್ನು ಅಪ್ಪನೇ ಕ್ಷಮಿಸಿಕೊಳ್ಳಲಿ. ನಾನೂ ಅವರಂತೆ ಯೇಸುವಿಗೆ ಕನ್ನಡದಲ್ಲೇ ಪ್ರಾರ್ಥಿಸುತ್ತೇನೆ; ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಜೀವಮಾನವೆಲ್ಲ ಮಗ್ಗದ ಕುಳಿಯಲ್ಲಿ ಕಾಲಿಟ್ಟು ಕೂತ ನಮ್ಮಪ್ಪನನ್ನು, ಅಣ್ಣ ನೇಯ್ದ ಪಂಚೆ ಬಾಗಿಲಲ್ಲಿರುವಾಗ, ತಿರುಪ್ಪೂರಿನ ಅಂಗಡಿಯ ಟೆರಿಕಾಟ್ ಅಂಗಿಯಲ್ಲಿ ಮಣ್ಣು ಮಾಡಿದರು.