ಜೀವಕಾಗದದ ಹಸಿರು

ಶೆಶ್ಯೆನ್ ಊರಿನ ಹಳೇಪೇಟೆಯಲ್ಲಿ ಬಾವ್ ಲಿಂಗ್‌ಹ್ವಾಳನ್ನು ಯಾರೂ ಕಲಾವಿದೆ ಎನ್ನುತ್ತಿರಲಿಲ್ಲ. ಅವಳೂ ಹಾಗೆ ಅಂದುಕೊಂಡವಳಲ್ಲ. ಬೇರೆಯವರು ಬರೆದ ಬೆಟ್ಟ, ಹೊಳೆ, ಮಂಜಿನ ಚಿತ್ರಗಳ ಬೆನ್ನಿಗೆ ಕಾಗದ ಅಂಟಿಸಿ, ರೇಷ್ಮೆಯ ಅಂಚು ಕಟ್ಟಿ, ಗೋಡೆಗೆ ತೂಗುವ ಸುರುಳಿ ಮಾಡಿಕೊಡುವುದು ಅವಳ ಕಸುಬು. ಅಪ್ಪ ಬಾವ್ ದೆಶುನ್‌ನದೂ ಅದೇ. ಹನ್ನೆರಡನೇ ವಯಸ್ಸಿಗೆ ಗೋಧಿಹಿಟ್ಟು ತೊಳೆದು ಅಂಟು ಕಾಯಿಸಲು ಕೂತವಳು ಐವತ್ತಮೂರಾದರೂ ಅದೇ ಕೆಂಪು ಮೇಜಿನ ಮುಂದೆ ನಿಂತಿದ್ದಳು.

ಹದಿನೈದರಲ್ಲಿ ಒಮ್ಮೆ ಕದ್ದು ಕುಂಚ ಹಿಡಿದಿದ್ದುಂಟು. ಹಾಳು ಕಾಗದದ ಚೂರಿನ ಮೇಲೆ ಒಂದು ಬಂಡೆ, ಬಂಡೆಯ ನೆತ್ತಿಗೊಂದು ಪೈನ್ ಮರ. ಅಪ್ಪ ನೋಡಿದ. ಕೂಗಾಡಲಿಲ್ಲ. ಕುಂಚವನ್ನು ಎರಡು ತುಂಡು ಮಾಡಿ ಒಲೆಗೆ ಹಾಕಿದ.

"ಬರೆಯೋರು ಬೇರೆ, ನಾವು ಬೇರೆ. ಇನ್ನೊಬ್ಬರ ಚಿತ್ರದ ಮೇಲೆ ನಮ್ಮ ಕೈ ಆಡಿಸೋದು ಕಳ್ಳತನ ಕಣೇ. ಇವತ್ತು ಚೂರು ಕಾಗದ, ನಾಳೆ ಗಿರಾಕಿ ಕಾಗದ."

ಅಂಥ ಕಟ್ಟುನಿಟ್ಟಿನ ಮನುಷ್ಯ ಎಂದು ಊರಿಗೂರೇ ಅವನನ್ನು ಹೊಗಳುತ್ತಿತ್ತು. ಅಂಟು ಬಳಿಯುವ ಕುಂಚ ಬಿಟ್ಟರೆ ಮಗಳು ಮತ್ತೆ ಯಾವ ಕುಂಚವನ್ನೂ ಮುಟ್ಟಲಿಲ್ಲ.

ಅವರ ಅಂಗಡಿಗೆ ಬರುತ್ತಿದ್ದವರಲ್ಲಿ ದೊಡ್ಡ ಹೆಸರು ಚೆಂಗ್ ಯೂಷಾನ್ ಮೇಷ್ಟ್ರದು. ಹಳಬರ ಹಾಗೇ ಮಸಿಯಲ್ಲಿ ಬೆಟ್ಟ ಕಟ್ಟುವವರು. ಆದರೆ ಅವರ ಕಪ್ಪಿನ ಒಳಗಿಂದ ಹಸಿರು ಬೆಳಕೊಂದು ಮೆಲ್ಲಗೆ ಎದ್ದು ಬರುತ್ತಿತ್ತು. ಹಳೆಯದನ್ನು ಕೆಡಿಸದೆ ಹೊಸದನ್ನು ತಂದವರು ಎಂದು ದೂರದೂರಿನಿಂದ ಜನ ಬಂದು ನೋಡಿಹೋಗುತ್ತಿದ್ದರು. ಎಳೆಯರು ಮಸಿಯ ಮೇಲೆ ಹಸಿರು ಬಳಿದು ಅದನ್ನೇ ಮಾಡಲು ಹೋದರು. ಎಲ್ಲ ಬರೀ ಕೆಸರಾಯಿತು.

ಒಂಬತ್ತು ವರ್ಷದ ಹಿಂದೆ ದೆಶುನ್ ಸತ್ತ. ಅಲ್ಲಿಂದ ಮಗಳ ಗ್ರಹಚಾರ ಕೆಟ್ಟಿತು. ಮೇಷ್ಟ್ರ ಹೊಸ ಚಿತ್ರಗಳು ಅವಳ ಮೇಜಿನಿಂದ ಏಳುವಾಗ ಮಂಕಾಗಿರುತ್ತಿದ್ದವು. ಮಸಿ ಇತ್ತು, ಬೆಟ್ಟ ಇತ್ತು, ಆ ಬೆಳಕು ಮಾತ್ರ ಇರಲಿಲ್ಲ. ಅವಳು ಅಂಟು ಬದಲಿಸಿದಳು, ಕಾಗದ ಬದಲಿಸಿದಳು, ಕೊನೆಗೆ ನಲ್ಲಿನೀರು ಬಿಟ್ಟು ಬಾವಿಯಿಂದ ನೀರು ಹೊತ್ತಳು. ಪಕ್ಕದ ಮಸಿಯಂಗಡಿಯ ಹು ಅತ್ತಿಗೆಗೆ ಇದೇ ತಮಾಷೆ.

"ನಿಮ್ಮಪ್ಪನ ಕೈ ನಿಂಗೆ ಬರ್ಲಿಲ್ಲ ಬಿಡೆ. ಅವರು ಮುಟ್ಟಿದ್ರೆ ಚಿತ್ರಕ್ಕೆ ಜೀವ ಬರೋದು. ನೀನು ಮುಟ್ಟಿದ್ರೆ ಜ್ವರ ಬರುತ್ತೆ!"

ಮೇಷ್ಟ್ರು ಮಾತ್ರ ಅವಳನ್ನು ಒಂದು ದಿನವೂ ದೂರಲಿಲ್ಲ. ತಮ್ಮ ಕೈಯೇ ಸೋತಿತೆಂದುಕೊಂಡು, ನಾಲ್ಕು ವರ್ಷದ ಹಿಂದೆ ಬರೆಯುವುದನ್ನೇ ನಿಲ್ಲಿಸಿಬಿಟ್ಟರು.

ಈ ವಸಂತದಲ್ಲಿ ಅವರಿಗೆ ಎಂಬತ್ತು. ಊರಿನವರು ಪ್ರದರ್ಶನ ಇಟ್ಟುಕೊಂಡರು. ಮೂವತ್ತು ವರ್ಷದ ಹಿಂದೆ ಬರೆದ, ತಮ್ಮ ಅತ್ಯಂತ ಒಳ್ಳೆಯ ಚಿತ್ರವನ್ನು ಮೇಷ್ಟ್ರು ಕಂಕುಳಲ್ಲಿ ಹಿಡಿದು ತಂದರು. ಮಳೆನೀರು ಇಳಿದು ಕಲೆಯಾಗಿತ್ತು, ಅಂಚನ್ನು ಹುಳ ತಿಂದಿತ್ತು. ಹಳೆಯ ಕಾಗದವೆಲ್ಲ ಕಿತ್ತು ಹೊಸದಾಗಿ ಕಟ್ಟಬೇಕಿತ್ತು.

"ಹುಷಾರಮ್ಮ," ಅಂದರು. "ನಾನೂ ಒಬ್ಬ ಇದ್ದೆ ಅನ್ನೋದಕ್ಕೆ ನನ್ನ ಹತ್ರ ಇರೋದು ಇದೊಂದೇ."

ಮರುದಿನ ಬೆಳಿಗ್ಗೆ ಲಿಂಗ್‌ಹ್ವಾ ಚಿತ್ರವನ್ನು ಮುಖ ಕೆಳಗೆ ಮಾಡಿ ಮೇಜಿನ ಮೇಲೆ ಹಾಸಿ, ಬಿಸಿನೀರು ಹನಿಸಿ ನೆನೆಸಿದಳು. ಹೊರಗಿನ ದಪ್ಪ ಕಾಗದ ಸಲೀಸಾಗಿ ಎದ್ದಿತು. ಒಳಗೆ, ಚಿತ್ರದ ಬೆನ್ನಿಗೇ ಕಚ್ಚಿಕೊಂಡಿರುವ ತೆಳು ಕಾಗದಕ್ಕೆ ಆ ಕಸುಬಿನವರು ಜೀವಕಾಗದ ಎನ್ನುತ್ತಾರೆ. ಅದನ್ನು ಎಳೆದು ಕೀಳುವಂತಿಲ್ಲ. ಬೆರಳ ತುದಿಯಲ್ಲಿ ಉಜ್ಜಿ ಉಜ್ಜಿ, ಮೈಯ ಕೊಳೆ ಉರುಳಿಸಿದ ಹಾಗೆ, ಚೂರುಚೂರಾಗಿ ತೆಗೆಯಬೇಕು. ಬಲಗಡೆಯಿಂದ ಶುರುಮಾಡಿದಳು. ಉದುರಿದ ಚೂರು ಹಸಿರಾಗಿತ್ತು. ಅವಳೇನೂ ಗಾಬರಿಯಾಗಲಿಲ್ಲ. ಚಿತ್ರಕ್ಕೆ ಹೊಂದಲೆಂದು ಜೀವಕಾಗದಕ್ಕೆ ಚಹಾ ನೀರೋ ತಿಳಿಬಣ್ಣವೋ ಹಾಕುವುದು ಎಲ್ಲರೂ ಮಾಡುವ ಕೆಲಸ. ಅಪ್ಪ ಹಾಕಿರಬೇಕು ಅಂದುಕೊಂಡು ಉಜ್ಜುತ್ತಲೇ ಹೋದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಗಿದಿತ್ತು.

ಬೆನ್ನು ನೆಟ್ಟಗೆ ಮಾಡಲೆಂದು ಎರಡು ಹೆಜ್ಜೆ ಹಿಂದೆ ಸರಿದಾಗ ಉಳಿದ ಅರ್ಧ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಹಸಿರು ಒಂದೇ ಸಮ ಇರಲಿಲ್ಲ. ಬಂಡೆಯ ಹಿಂದೆ ದಟ್ಟ, ಮಂಜಿನ ಹಿಂದೆ ತೆಳು, ಕಣಿವೆಯ ಆಳದಲ್ಲಿ ಚಿಟಿಕೆ ಕೆಂಪು. ಯಾರೋ ಒಂದೊಂದೇ ಬಂಡೆಯನ್ನು ಹಿಂದಿನಿಂದ ಬರೆದಿದ್ದರು.

ಪ್ಲಾಸ್ಟಿಕ್ ಹಾಳೆ ಹೊದಿಸಿ ಅವಳು ಚಿತ್ರವನ್ನು ಮಗುಚಿದಳು. ಒಂದು ಅರ್ಧದಲ್ಲಿ ಬೆಟ್ಟ ಒಳಗಿಂದ ಬೆಳಗುತ್ತಿತ್ತು. ಇನ್ನೊಂದು ಅರ್ಧದಲ್ಲಿ ಮಸಿ ಬತ್ತಿ ಕೂತಿತ್ತು. ಆ ಬೆಳಕು ಈಗ ಅವಳ ಕಾಲ ಬುಡದಲ್ಲಿ, ಒದ್ದೆ ಚೂರುಗಳಾಗಿ ಬಿದ್ದಿತ್ತು. ಕೂರಲು ಕುರ್ಚಿ ಹುಡುಕಿದಳು, ಅದು ಪಕ್ಕದಲ್ಲೇ ಇದ್ದರೂ ಕಾಣಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಮನೆಯಲ್ಲಿ ಇರಲಾರದೆ ನೋಡಿಹೋಗಲು ಬಂದಿದ್ದರು. ಮುಚ್ಚಿಡಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

"ನಾನು ಹಾಳು ಮಾಡ್ಬಿಟ್ಟೆ ಮೇಷ್ಟ್ರೇ," ಅಂದಳು. "ನೀವು ಹಿಂದಿನ ಕಾಗದಕ್ಕೂ ಬಣ್ಣ ಹಾಕಿದ್ರಿ ಅಂತ ನಂಗೊತ್ತಿರ್ಲಿಲ್ಲ. ಅರ್ಧ ಉಜ್ಜಿ ತೆಗೆದುಬಿಟ್ಟೆ."

"ಯಾವ ಹಿಂದಿನ ಕಾಗದ?"

ಅವಳು ಬೆರಳು ತೋರಿಸಿದಳು. ಮೇಷ್ಟ್ರು ಕನ್ನಡಕ ಹಾಕಿ ಬಗ್ಗಿದರು, ಒಂದು ಹಸಿರು ಚೂರನ್ನು ಅಂಗೈಗೆ ಎತ್ತಿಕೊಂಡರು.

"ನಾನು ಕಾಗದದ ಮುಂಭಾಗಕ್ಕೆ ಬರೆಯೋನಮ್ಮ. ಅದರ ಬೆನ್ನಿಗೆ ನಾನೇನೂ ಹಾಕ್ಲಿಲ್ಲ."

ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಮೇಷ್ಟ್ರ ಚಿತ್ರಗಳಿಗೆ ಜೀವಕಾಗದ ಹಾಕುವ ಕೆಲಸವನ್ನು ಅಪ್ಪ ಒಂದು ದಿನವೂ ಮಗಳಿಗೆ ಬಿಟ್ಟಿರಲಿಲ್ಲ, ಒಬ್ಬನೇ ಬಾಗಿಲು ಹಾಕಿಕೊಂಡು ಮಾಡುತ್ತಿದ್ದ.

"ಸುರುಳಿ ಆದ್ಮೇಲೆ ಯಾರ ಚಿತ್ರ ಆದ್ರೂ ಒಂಚೂರು ಎದ್ದು ಬರುತ್ತೆ," ಮೇಷ್ಟ್ರು ಚೂರನ್ನು ಮೇಜಿನ ಮೇಲಿಟ್ಟು ಅಂದರು. "ನಂದು ಜಾಸ್ತಿನೇ ಬರ್ತಿತ್ತು. ನನ್ನ ಮಸಿ ಹದ ಅಂದ್ಕೊಂಡೆ. ಕೇಳ್ಬೇಕಿತ್ತು. ಜನ ಹೊಗಳ್ತಿರೋವಾಗ ಯಾವನು ಕೇಳ್ತಾನೆ?" ಆಮೇಲೆ ಅವಳತ್ತ ತಿರುಗಿದರು. "ಒಂಬತ್ತು ವರ್ಷ ನನ್ನ ಕೈ ಹೋಯ್ತು, ಕೈ ಹೋಯ್ತು ಅಂತ ಅತ್ತೆ. ಕೈ ಎಲ್ಲಿ ಹೋಗಿತ್ತು? ಹೋಗಿದ್ದು ನಿಮ್ಮಪ್ಪ."

ಲಿಂಗ್‌ಹ್ವಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ತನ್ನ ಕುಂಚ ಮುರಿದು ಒಲೆಗೆ ಹಾಕಿದವನು! ಅಂಟು ಸರಿಯಿಲ್ಲ, ಕೈ ಸರಿಯಿಲ್ಲ ಎಂದು ಊರೆಲ್ಲ ಆಡಿಕೊಳ್ಳಲು ಬಿಟ್ಟುಹೋದವನು! ಸಾಯುವ ಮುಂಚೆ ಒಂದು ಮಾತು ಹೇಳಬಾರದಿತ್ತೇ? ಅವಳು ಚಿತ್ರವನ್ನು ಮತ್ತೆ ಮಗುಚಿ, ಹಾಳೆ ಸರಿಸಿ, ಉಳಿದ ಹಸಿರಿನ ಮೇಲೆ ಬೆರಳಿಟ್ಟು ಉಜ್ಜತೊಡಗಿದಳು.

ಮೇಷ್ಟ್ರು ಅವಳ ಮಣಿಕಟ್ಟು ಹಿಡಿದುಬಿಟ್ಟರು. ಎಂಬತ್ತರ ಕೈಯಲ್ಲಿ ಅಷ್ಟು ಬಲ ಇತ್ತು.

"ಬಿಡೇ! ಅದು ನಿಂದಲ್ಲ."

"ನಿಮ್ದೂ ಅಲ್ವಲ್ಲ!"

"ನಂದೂ ಅಲ್ಲ. ಅದಕ್ಕೇ ಬಿಡು ಅಂದಿದ್ದು."

ಅವಳು ಕೈ ತೆಗೆದಳು. ಒದ್ದೆ ಕಾಗದ ಹೆಚ್ಚು ಹೊತ್ತು ಕಾಯುವುದಿಲ್ಲ, ಏನಾದರೂ ತೀರ್ಮಾನ ಆಗಲೇಬೇಕಿತ್ತು.

"ಬರಿದಾಗಿರೋ ಕಡೆ ಬಿಳಿ ಕಾಗದ ಹಾಕು," ಮೇಷ್ಟ್ರು ಹೇಳಿದರು. "ಉಳಿದಿದ್ದು ಹಾಗೇ ಇರ್ಲಿ."

"ಅಯ್ಯೋ, ನಡುವೆ ಗೆರೆ ಎದ್ದು ಕಾಣುತ್ತೆ ಮೇಷ್ಟ್ರೇ. ಪ್ರದರ್ಶನದಲ್ಲಿ ಊರೇ ಕೇಳುತ್ತೆ."

"ಕೇಳೋರಿಗೆ ಪಕ್ಕದಲ್ಲಿ ನಿಂತು ಹೇಳ್ತೀನಿ. ಇಲ್ಲೀವರೆಗೆ ಚೆಂಗ್ ಯೂಷಾನ್, ಇಲ್ಲಿಂದ ಬಾವ್ ದೆಶುನ್."

ಹೇಳಿದ ಮೇಲೆ ಅವರ ಗಲ್ಲ ಅದುರತೊಡಗಿತು. ಅವಳು ಕುರ್ಚಿ ಎಳೆದು ಅವರನ್ನು ಕೂರಿಸಿ, ಬಿಳಿ ಕಾಗದಕ್ಕೆ ಅಂಟು ಬಳಿಯಲು ನಿಂತಳು.