ಕೊಬ್ಬರಿ ಅಟ್ಟದ ಕೆಳಗಿನ ಜರ್ಮನಿ ಕಾರು

ನಮ್ಮ ಮನೆಯ ಕಾರು ಯಾವ ಕಂಪನಿಯದೆಂದು ನಾನು ಬರೆಯುವುದಿಲ್ಲ. ಬರೆದರೆ ದೃಷ್ಟಿ ತಾಗುತ್ತದೆ. ಜರ್ಮನಿಯದು, ಹಳೆಯದು, ದುಂಡು ದೀಪದ್ದು, ಕಡುಹಸಿರು ಬಣ್ಣದ್ದು ಎಂದರೆ ಸಾಕು. ನೊಣವಿನಕೆರೆಯಿಂದ ತಿಪಟೂರಿಗೆ ಹೋಗುವ ರಸ್ತೆಯಲ್ಲಿ, ಬಲ ಮೊಣಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು, ಯಾರಿಗೂ ದಾರಿ ಬಿಡದೆ ನಡುರಸ್ತೆಯಲ್ಲಿ ಹೋಗುವ ಹೆಂಗಸೊಬ್ಬಳನ್ನು ನೀವು ಕಂಡಿದ್ದರೆ ಅದು ನಾನೇ. ಹಿಂದಿನಿಂದ ಹಾರನ್ ಹೊಡೆದು ಬೈದಿದ್ದರೆ ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಈ ಹುಚ್ಚು ತವರಿನದು. ಮಾಯಸಂದ್ರದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಟ್ರ್ಯಾಕ್ಟರನ್ನು ತೊಳೆಯದೆ ತಾವು ಊಟಕ್ಕೆ ಕೂರುತ್ತಿರಲಿಲ್ಲ. ಅದನ್ನು ಓಡಿಸುವುದನ್ನು ನನಗೂ ಕಲಿಸಿದರು. ಮದುವೆಯಾಗಿ ನೊಣವಿನಕೆರೆಗೆ ಬಂದ ಮೇಲೆ ಮಕ್ಕಳು, ತೋಟ, ಬಂದು ಹೋಗುವ ನೆಂಟರು ಅಂತ ವರ್ಷಗಳು ಉರುಳಿದವು. ಮಕ್ಕಳು ದೊಡ್ಡವರಾಗಿ ಕೈ ಬಿಡುವಾದಾಗ, ಸಕಲೇಶಪುರದ ಕಡೆಯ ಎಸ್ಟೇಟಿನವರೊಬ್ಬರು ತಮ್ಮ ಮಾವನ ಕಾಲದ ಕಾರನ್ನು ಕೊಡುತ್ತಾರಂತೆ ಎಂದು ನನ್ನ ಮೊಬೈಲಿಗೊಂದು ಫೋಟೊ ಬಂತು. ನೋಡಿದೆ, ಹೋದೆ, ತಂದೆ.

"ಒಂದು ಮಾತು ಕೇಳ್ಬಾರ್ದೇನೇ?" ಎಂದರು ನಮ್ಮ ಯಜಮಾನರು.

"ಕೇಳಿದ್ರೆ ಬ್ಯಾಡ ಅಂತಿದ್ರಿ" ಎಂದೆ. ಆ ಚರ್ಚೆ ಅಲ್ಲಿಗೆ ಮುಗಿಯಿತು.

ಕಾರು ನಿಂತದ್ದು ಕೊಬ್ಬರಿ ಅಟ್ಟದ ಕೆಳಗೆ, ಹಿಂದೆ ದನ ಕಟ್ಟುತ್ತಿದ್ದ ಜಾಗದಲ್ಲಿ. ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿಯ ರಾಶಿ. ಅದು ವರ್ಷದ ಹತ್ತಿರ ಹಾಗೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗಬೇಕು. ಅವಸರ ಮಾಡಿ ಒಡೆದರೆ ಕೆಟ್ಟಿತು. ಹಳೆಯ ಕಾರಿನದೂ ಅದೇ ಸ್ವಭಾವವಾದ್ದರಿಂದ ಎರಡೂ ಹೊಂದಿಕೊಂಡವು.

ಯಜಮಾನರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಸ್ಕೂಟರ್ ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಕಾರನ್ನು ಅವರು ಒಂದು ದಿನವೂ ಕಾರು ಎಂದವರಲ್ಲ, "ನಿನ್ ಗುಜರಿ" ಎನ್ನುತ್ತಿದ್ದರು. "ಗುಜರಿ ಎದ್ದೈತಾ, ಇಲ್ಲಾ ತಳ್ಳಾಕೆ ಆಳು ಕರೀಲಾ?" ಎಂದು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುವುದು ಅವರ ದಿನಚರಿ. "ನೀವೂ ಹಳೇ ಮಾಲೇ ಕಣ್ರೀ, ನಿಮ್ಮನ್ನ ಗುಜರಿಗೆ ಹಾಕಿದ್ನಾ?" ಎನ್ನುವುದು ನನ್ನ ಉತ್ತರ. ಇದು ಜಗಳವಲ್ಲ. ನಮ್ಮಿಬ್ಬರಿಗೂ ಅದಿಲ್ಲದಿದ್ದರೆ ತಿಂಡಿ ಸೇರುತ್ತಿರಲಿಲ್ಲ.

ಭಾನುವಾರ ಬಂತೆಂದರೆ ನನಗೆ ಹಬ್ಬ. ತಿಪಟೂರಿನಿಂದ ಮೇಸ್ತ್ರಿ ಬರುತ್ತಾರೆ. ಸಾಬರು, ತಮ್ಮ ಅಪ್ಪನ ಕಾಲದಿಂದಲೂ ಗ್ಯಾರೇಜಿನವರು, ನನ್ನಷ್ಟೇ ಬಾಯಿಯವರು. ನಾನು ಹಳೆಯ ಸೀರೆ ಎತ್ತಿಕಟ್ಟಿ ಸ್ಪ್ಯಾನರ್ ಹಿಡಿಯುತ್ತೇನೆ. ಪ್ಲಗ್ ಬಿಚ್ಚಿ ಉಜ್ಜುವುದು, ಕಾರ್ಬೊರೇಟರ್ ತೊಳೆಯುವುದು, ಬಾಗಿಲ ಕೀಲಿಗೆ ಗ್ರೀಸ್ ತುಂಬುವುದು ನನ್ನ ಪಾಲು. "ಅಷ್ಟು ಬಿಗಿ ಮಾಡ್ಬ್ಯಾಡಿ ಅಕ್ಕಾ, ಅದು ಒಲೆ ಮೇಲಿನ ಕುಕ್ಕರ್ರಲ್ಲ" ಎಂದು ಅವರು ರೇಗುತ್ತಾರೆ. "ನೀವು ಹೋದ್ವಾರ ಸಡಿಲ ಬಿಟ್ಟಿದ್ದಕ್ಕೇ ಆಯಿಲ್ ಸೋರಿದ್ದು" ಎಂದು ನಾನೂ ರೇಗುತ್ತೇನೆ. ಕೊನೆಗೆ ಕೀ ತಿರುಗಿಸಿದಾಗ ಎಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ತಣ್ಣಗೆ ಗುಂಯ್ ಎನ್ನತೊಡಗಿದರೆ ಇಬ್ಬರ ಸಿಟ್ಟೂ ಇಳಿಯುತ್ತದೆ. ಬಾನೆಟ್ ಮೇಲೆ ಟೀ ಲೋಟ ಇಟ್ಟು, ಅದು ಅಲುಗದೆ ನಿಂತದ್ದನ್ನು ನೋಡುತ್ತ ಸುಮ್ಮನೆ ಕೂರುತ್ತೇವೆ. ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇಲ್ಲ.

ಬಿಡಿಭಾಗಗಳದೇ ಪರದಾಟ. ಹಳೆಯ ಕಾರಿನವರ ವಾಟ್ಸಾಪ್ ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು. ಪುಣೆಯವರೊಬ್ಬರು ವಾಟರ್ ಪಂಪ್ ಕಳಿಸಿದರು, ನಾನು ಅವರ ಮನೆಗೆ ಕೊಬ್ಬರಿ ಕಳಿಸಿದೆ. ಏನು ಮಾಡಿದರೂ ಸಿಗದೆ ಉಳಿದದ್ದು ಬಾಗಿಲ ಸುತ್ತ ಕೂರುವ ರಬ್ಬರ್ ಬೀಡಿಂಗ್ ಒಂದೇ. ಬಿಸಿಲಿಗೆ ಅದು ಒಣಗಿ ಸೀಳು ಬಿಟ್ಟಿತ್ತು. ಎಲ್ಲೆಲ್ಲಿಗೋ ಫೋನ್ ಮಾಡಿದೆ. "ಅಯ್ಯೋ, ಅದರ ಚರ್ಮ ಹಿಂಗೆ ಒಡೆದಿರೋದು ನೋಡಕ್ಕಾಗಲ್ಲ ಸಾರ್" ಎಂದು ಯಾರ ಹತ್ತಿರವೋ ಗೋಳಾಡಿದ್ದು ನೆನಪಿದೆ. ಯಜಮಾನರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

ಅದಾದ ಸ್ವಲ್ಪ ದಿನಕ್ಕೆ ಇಲಿಗಳ ಕಾಟ ಶುರುವಾಯಿತು. ಕೊಬ್ಬರಿ ಅಟ್ಟ ಇದ್ದ ಮೇಲೆ ಇಲಿ ಇದ್ದದ್ದೇ. ಆದರೆ ಅವು ಅಟ್ಟದಲ್ಲೇ ಇರುತ್ತಿದ್ದವು, ಕಾರಿನ ತಂಟೆಗೆ ಬಂದವಲ್ಲ. ಈಗ ನೋಡಿದರೆ ಬೀಡಿಂಗನ್ನು ಕಚ್ಚಿದವು, ಬಾನೆಟ್ ಒಳಗೆ ಹೊಕ್ಕು ರಬ್ಬರ್ ಪೈಪು ಕಚ್ಚಿದವು, ಅದರ ಜೊತೆಗೆ ವೈರನ್ನೂ ಕತ್ತರಿಸಿದವು. ಬೋನು ಇಟ್ಟೆ, ಹೊಗೆಸೊಪ್ಪು ಇಟ್ಟೆ, ನುಸಿಗುಳಿಗೆ ಸುರಿದೆ, ಪಕ್ಕದ ಮನೆಯ ಬೆಕ್ಕನ್ನು ಹಾಲು ಕೊಟ್ಟು ಒಲಿಸಿಕೊಂಡೆ. ಅದು ಹಾಲು ಕುಡಿದು ಹಿಂದಿನ ಸೀಟಿನಲ್ಲಿ ಮಲಗಿತೇ ಹೊರತು ಬೇರೇನೂ ಮಾಡಲಿಲ್ಲ. ಮೇಸ್ತ್ರಿ ಬಂದು ವೈರ್ ಜೋಡಿಸುವುದು, ಮುಂದಿನ ವಾರಕ್ಕೆ ಇಲಿ ಅದನ್ನು ತುಂಡು ಮಾಡುವುದು. "ತೋಬಾ ತೋಬಾ, ಇವು ಇಲಿಗಳಲ್ಲ ಅಕ್ಕಾ, ನನ್ ವೈರಿಗಳು" ಎಂದು ಅವರು ತಲೆ ಚಚ್ಚಿಕೊಂಡರು.

ಹೀಗಿರುವಾಗ ಬೀಗರ ಊರಾದ ಹಂದನಕೆರೆಯಲ್ಲಿ ನನ್ನ ತಮ್ಮನ ಮಗಳ ನಿಶ್ಚಿತಾರ್ಥ ಬಂತು. ನಾನು ರೇಷ್ಮೆ ಸೀರೆ ಉಟ್ಟು, ಹಿಂದಿನ ಸೀಟಿನಲ್ಲಿ ಹಣ್ಣುಕಾಯಿಯ ತಟ್ಟೆಗಳನ್ನು ಜೋಡಿಸಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಊರು ಇನ್ನೇನು ಬಂತು ಎನ್ನುವಾಗ ಬಾನೆಟ್ಟಿನಿಂದ ಹೊಗೆ ಎದ್ದು ಕಾರು ನಿಂತುಬಿಟ್ಟಿತು. ಎರಡು ವೈರು ಬೆತ್ತಲಾಗಿ ಒಂದಕ್ಕೊಂದು ತಾಗಿದ್ದವು. ನಾವು ಗೂಡ್ಸ್ ಆಟೊದ ಹಿಂದೆ, ಈರುಳ್ಳಿ ಚೀಲಗಳ ನಡುವೆ ತಟ್ಟೆ ಹಿಡಿದುಕೊಂಡು ಛತ್ರದ ಮುಂದೆ ಇಳಿದೆವು. ಬೀಗರ ಕಡೆಯವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ವಿಚಿತ್ರವೆಂದರೆ, ಇಂಥ ಅವಕಾಶಕ್ಕಾಗಿಯೇ ಕಾದಿರುತ್ತಿದ್ದ ಯಜಮಾನರು ಅಂದು ಗುಜರಿ ಎಂಬ ಮಾತನ್ನೇ ಎತ್ತಲಿಲ್ಲ.

ಛತ್ರದ ಹಿಂದೆ ಹೋಗಿ ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಹಚ್ಚಿದೆ. ಹಳೆಯ ಕಾರುಗಳನ್ನು ಕೂಡಿಡುವ ಒಬ್ಬರು ಇದನ್ನು ಕೊಡಿ ಎಂದು ಬಹಳ ದಿನದಿಂದ ಬೆನ್ನು ಬಿದ್ದಿದ್ದರು. "ಕೊಡ್ತೀನಿ, ಬರೋ ಭಾನುವಾರ ಬಂದು ತಗೊಂಡು ಹೋಗಿ" ಎಂದುಬಿಟ್ಟೆ. ಅವರು ಖುಷಿಯಲ್ಲಿ ಏನೇನೋ ಹೇಳುತ್ತಿದ್ದರು. ನನಗೆ ಮುಂದಿನದು ಕೇಳಿಸಲಿಲ್ಲ.

ಮಾರನೆಯ ದಿನ ಎದ್ದಾಗ ಸಿಟ್ಟು ಇಳಿದಿತ್ತು. ಕಟ್ಟಿ ಎಳೆತಂದ ಕಾರು ಅಟ್ಟದ ಕೆಳಗೆ ನಿಂತಿತ್ತು. ಅದರ ಮುಖ ನೋಡಲು ನನ್ನಿಂದಾಗಲಿಲ್ಲ. "ರೀ, ಫೋನ್ ಮಾಡಿ ಬ್ಯಾಡ ಅಂದ್ಬುಡ್ಲಾ?" ಎಂದು ಯಜಮಾನರನ್ನು ಕೇಳಿದೆ.

ಅವರು ಸ್ನಾನ ಮಾಡಿ ಬಂದು ವಿಭೂತಿ ಇಟ್ಟುಕೊಳ್ಳುತ್ತಿದ್ದರು. "ಮಾತು ಕೊಟ್ಟಿದ್ದೀಯ. ಮಂಡೀಲಿ ಕೂತು ಇಷ್ಟ್ ವರ್ಷ ಆಯ್ತು, ರೇಟ್ ಏರಿದ್ರೂ ಇಳಿದ್ರೂ ಆಡಿದ್ ಮಾತು ತಿರುಗಿಸಿಲ್ಲ ನಾನು. ಈಗ ನನ್ ಹೆಂಡ್ತಿ ತಿರುಗಿಸಿದ್ಲು ಅನ್ನಿಸ್ಕೋಬ್ಯಾಡ" ಎಂದರು. ಮುಖ ಆ ಕಡೆ ಇತ್ತು. ಈ ಮನುಷ್ಯನಿಗೆ ಇನ್ನೇನು ಬೇಕು, ಗುಜರಿ ತೊಲಗಿತಲ್ಲ ಎಂದು ನನಗೆ ಅವರ ಮೇಲೇ ಕೋಪ ಬಂತು. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಂಡಿಯವರ ಮನೆಯಲ್ಲಿ ಬಾಯಿಂದ ಹೊರಟ ಮಾತು ಮುಗಿದ ವ್ಯಾಪಾರ.

ಕೊಡುವ ಕಾರನ್ನು ಎಳೆದುಕೊಂಡು ಹೋಗಲು ಬಿಡುವುದು ಹೇಗೆ? ಮೇಸ್ತ್ರಿ ಆ ವಾರವೆಲ್ಲ ಬಂದು ಹೊಸದಾಗಿ ವೈರಿಂಗ್ ಎಳೆದರು. ನಾವಿಬ್ಬರೂ ಒಂದು ಸಲವೂ ಜಗಳವಾಡಲಿಲ್ಲ. ಕೆಲಸ ಮುಗಿದ ಸಂಜೆ ಅವರು ಬಾನೆಟ್ ಮುಚ್ಚಿ ಅದರ ಮೇಲೆ ಕೈಯಿಟ್ಟು ನಿಂತರು. "ಅಕ್ಕಾ, ಭಾನುವಾರ ನಾನ್ ಬರಲ್ಲ. ಅದು ಹೋಗೋದು ನೋಡೋಕೆ ನನ್ ಕೈಲಿ ಆಗಲ್ಲ" ಎಂದರು.

ಭಾನುವಾರ ನಸುಕಿನಲ್ಲೇ ಎಚ್ಚರವಾಯಿತು. ಕೊನೆಯದಾಗಿ ಒಂದು ಸಲ ಒರೆಸೋಣ ಎಂದು ಬಟ್ಟೆ ಹಿಡಿದು ಅಟ್ಟದ ಕಡೆ ಹೋದೆ. ಒಳಗೆ ದೀಪ ಉರಿಯುತ್ತಿತ್ತು. ಯಜಮಾನರು ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕಾರಿನ ತೆರೆದ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ಎಣ್ಣೆ ಬಟ್ಟಲು. ಅದರಲ್ಲಿ ಬೆರಳು ಅದ್ದಿ ಅದ್ದಿ, ಒಡೆದ ಬೀಡಿಂಗಿಗೆ ಮೆಲ್ಲಗೆ ತಿಕ್ಕುತ್ತಿದ್ದರು.

"ಏನ್ರೀ ಮಾಡ್ತಿದ್ದೀರಾ?"

ಬೆಚ್ಚಿಬಿದ್ದರು. ಆಮೇಲೆ, ಮುಚ್ಚಿಡಲು ಏನೂ ಉಳಿದಿಲ್ಲವೆಂದು ಗೊತ್ತಾಗಿ, ಮತ್ತೆ ತಿಕ್ಕತೊಡಗಿದರು. "ಎಣ್ಣೆ ಹಚ್ತಿದ್ದೀನಿ ಕಣೇ. ಹೆಣ್ ಮಗೀನ ತಲೆಗೆ ಎಣ್ಣೆ ಇಕ್ಕದೆ ಹಂಗೇ ಕಳಿಸ್ತಾರಾ?"

ಅವರ ಧ್ವನಿ ಸರಿಯಿರಲಿಲ್ಲ. ಪಕ್ಕದಲ್ಲಿ ಕೂತು ಬಟ್ಟಲು ನೋಡಿದೆ. ನಮ್ಮದೇ ಕೊಬ್ಬರಿ, ಗಾಣದಲ್ಲಿ ಆಡಿಸಿದ ಎಣ್ಣೆ.

"ಇದು ಇವತ್ತಿಂದಾ, ಮೊದ್ಲಿಂದಾನಾ?"

"ನೀನ್ ಫೋನಲ್ಲಿ ಗೋಳಾಡ್ತಿದ್ದೆಯಲ್ಲ, ಚರ್ಮ ಒಡೆದೈತೆ ಅಂತ. ಹಿಮ್ಮಡಿ ಒಡೆದ್ರೆ ನಾವು ಇದನ್ನೇ ಹಚ್ಚಲ್ವಾ? ಅವತ್ತಿಂದ ವಾರ ವಾರ ಹಚ್ತಿದ್ದೀನಿ. ಮುಂದ್ಗಡೆ ಬಾನೆಟ್ ಎತ್ತಿ ಅಲ್ಲಿರೋ ರಬ್ಬರ್ಗೂ ಹಚ್ಚಿದ್ದೀನಿ. ಎಷ್ಟ್ ಮೆತ್ತಗಾಗೈತೆ, ನೋಡು ಬೇಕಾದ್ರೆ."

ಅವತ್ತಿಂದ! ನಾನು ಅವರ ಮುಖ ನೋಡಿದೆ, ಬೀಡಿಂಗ್ ನೋಡಿದೆ, ತಲೆಯೆತ್ತಿ ಅಟ್ಟ ನೋಡಿದೆ. ಮೇಲಿನ ಕೊಬ್ಬರಿಗೆ ಸಿಪ್ಪೆಯಿದೆ, ಕರಟವಿದೆ. ಇಲಿ ಹಲ್ಲು ಸವೆಸಿ ಕೊರೆಯಬೇಕು. ಕೆಳಗೆ ಈ ಪುಣ್ಯಾತ್ಮರು ವಾರ ವಾರ ಸಲೀಸಾಗಿ ಬಡಿಸಿಟ್ಟಿದ್ದಾರೆ! ಬೀಡಿಂಗ್ ಹೊಳೆಯುತ್ತಿದ್ದದ್ದನ್ನು ನಾನೂ ಕಂಡಿದ್ದೆ, ಮೇಸ್ತ್ರಿ ಏನೋ ಹಚ್ಚಿರಬೇಕು ಅಂದುಕೊಂಡಿದ್ದೆ. ಆಮೇಲೆ ಕೇಳಿದರೆ, ಅಕ್ಕ ಹಚ್ಚಿರಬೇಕು ಎಂದು ಮೇಸ್ತ್ರಿ ಅಂದುಕೊಂಡಿದ್ದರಂತೆ. ಇನ್ನು ವಾಸನೆಯಲ್ಲಿ ಹಿಡಿಯೋಣವೆಂದರೆ, ನಮ್ಮ ಮನೆಯಲ್ಲಿ ಕೊಬ್ಬರಿ ವಾಸನೆ ಬರದಿದ್ದರೆ ಮಾತ್ರ ಯಾರಾದರೂ ಮೂಗು ಅರಳಿಸಿಯಾರು.

"ಅಯ್ಯೋ ನನ್ ದೇವ್ರೇ, ಇಲಿಗಳನ್ನ ಊಟಕ್ಕೆ ಕರೆದೋರು ನೀವೇ ಏನ್ರೀ!" ಎಂದೆ. ಹೇಳುತ್ತ ಹೇಳುತ್ತ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕಪ್ಪಿಟ್ಟಿತು. ಎಣ್ಣೆಯ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ಕೂತರು. "ಹಂಗಾರೆ ಹಂದನಕೆರೇಲಿ ನಿಂತಿದ್ದು..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು ಸೆರಗಿನಿಂದ ಅವರ ಬೆರಳುಗಳನ್ನು ಒರೆಸಿದೆ.

ಬೆಂಗಳೂರಿನವರು ತಿಂಡಿಯ ಹೊತ್ತಿಗೆ ಬಂದರು. ಒಳ್ಳೆಯ ಮನುಷ್ಯ, ವಿನಯವಂತರು. ಎಳನೀರು ಕುಡಿದು, ಕಾರಿನ ಸುತ್ತ ಒಂದು ಸುತ್ತು ಬಂದು, "ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಮೇಡಂ" ಎಂದರು. ಕೀ ನನ್ನ ಕೈಯಲ್ಲಿತ್ತು. ಮಾತು ಕೊಟ್ಟವಳು ನಾನು, ಕೈ ಚಾಚಿದೆ. ನಡುವೆ ಯಜಮಾನರು ಬಂದು ನಿಂತರು.

"ಸ್ವಾಮಿ, ನಿಮ್ ತಾವ ಇಂಥವು ಇನ್ನೂ ಅವಾ?"

"ಇವೆ ಸಾರ್, ಒಂದು ದೊಡ್ಡ ಶೆಡ್ ತುಂಬಾ ಇವೆ."

"ಅವನ್ನೆಲ್ಲ ನೀವೇ ಕೈಯಾರೆ ಒರೆಸ್ತೀರಾ?"

ಅವರು ನಕ್ಕರು. "ಎಲ್ಲಾಗುತ್ತೆ ಸಾರ್? ಅದಕ್ಕೆ ಜನ ಇಟ್ಟಿದ್ದೀನಿ. ತಿಂಗಳಿಗೊಂದು ಸಲ ಹೋಗಿ ನೋಡಿಕೊಂಡು ಬರ್ತೀನಿ."

ಯಜಮಾನರು ನನ್ನ ಕೈಯಿಂದ ಕೀ ತೆಗೆದುಕೊಂಡು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಜನ್ಮದಲ್ಲಿ ಆಡಿದ ಮಾತು ತಿರುಗಿಸದ ಮನುಷ್ಯ, ನೆಲ ನೋಡುತ್ತ ಕೈ ಮುಗಿದರು.

"ಹಂಗಾರೆ ನಮ್ ಕಾರು ಬರಲ್ಲ ಬುಡಿ."